ಬ್ಯಾಕ್‌ಸ್ಟ್ರೋಕ್ ಕಲಿಯುವಾಗ ಸೊಂಟ ಮುಳುಗುತ್ತದೆ, ಮೂಗಿಗೆ ನೀರು ಹೋಗುತ್ತದೆ. ಏನು ಮಾಡಲಿ?

ನಿಮ್ಮ ಪ್ರಶ್ನೆ ಓದಿ ನಗು ಬಂತು. ನಿಮ್ಮನ್ನು ನೆನೆದು ಅಲ್ಲ, ಎರಡು ವರ್ಷದ ಹಿಂದಿನ ನನ್ನನ್ನೇ ನೆನೆದು. ಬೋರಲಾಗಿ ಈಜುವ ಫ್ರೀಸ್ಟೈಲ್ ಒಂದಿಷ್ಟು ಬರುತ್ತದೆ, ಆದರೆ ಬ್ಯಾಕ್‌ಸ್ಟ್ರೋಕ್‌ಗೆ ಅಂಗಾತ ಬಿದ್ದ ತಕ್ಷಣ ಸೊಂಟ ಇಳಿಯುತ್ತದೆ, ಮೂಗಿಗೆ ನೀರು ನುಗ್ಗುತ್ತದೆ, ಹೊರಟಿದ್ದು ಒಂದು ಕಡೆ, ಸೇರುವುದು ಇನ್ನೊಂದು ಕಡೆ ಅಂತ ಬರೆದಿದ್ದೀರಿ. ಕಲಬುರಗಿಗೆ ವರ್ಗವಾಗಿ ಬಂದಿದ್ದೀರಿ, ಈ ಬೇಸಿಗೆಯೊಳಗೆ ಕಲಿಯಬೇಕು ಅಂತಲೂ ಹೇಳಿದ್ದೀರಿ. ನಾನೂ ಇದೇ ಊರಿನವನು, 39ನೇ ವಯಸ್ಸಿನಲ್ಲಿ ಕಲಿತವನು. ಕೋಚ್ ಅಲ್ಲ. ನನಗೆ ಏನು ಕೆಲಸ ಮಾಡಿತೋ ಅದನ್ನಷ್ಟೇ ಹೇಳುತ್ತೇನೆ.

ಮೊದಲು ಕೈ ಬೀಸುವುದನ್ನು ನಿಲ್ಲಿಸಿ. ಒಂದು ವಾರ ಪೂರ್ತಿ. ನಾನು ಮೊದಲ ಹತ್ತು ದಿನ ಬಾವಿಯ ರಾಟೆ ತಿರುಗಿದ ಹಾಗೆ ಎರಡೂ ಕೈ ಬೀಸಿದ್ದೇ ಬೀಸಿದ್ದು. ಭುಜ ನೋವು ಬಂತು, ಮುಂದೆ ಮಾತ್ರ ಹೋಗಲಿಲ್ಲ. ಯಾಕೆಂದರೆ ತೊಂದರೆ ಇದ್ದದ್ದು ಮಲಗುವುದರಲ್ಲಿ.

ಹಗ್ಗ ಸಡಿಲಾದ ಹೊರಸು ನೋಡಿದ್ದೀರಾ? ಮಲಗಿದರೆ ನಡು ನೆಲಕ್ಕೆ ಇಳಿಯುತ್ತದೆ, ತಲೆ, ಕಾಲು ಮೇಲೆ ಉಳಿಯುತ್ತವೆ. ನೀರಿನಲ್ಲಿ ನಾವು ಮಲಗುವುದೂ ಹಾಗೆಯೇ. ನಮ್ಮ ಕೋಚ್ ದಿನಾ ದಂಡೆ ಮೇಲಿಂದ ಕೂಗುತ್ತಿದ್ದರು, "ಸರ, ಕುರ್ಚಿ ಮ್ಯಾಲ ಕುಂತಂಗ ಕುಂದ್ರಬ್ಯಾಡ್ರಿ, ಹೊಟ್ಟಿ ಮ್ಯಾಲ ಎತ್ರಿ!" ನಾನು ಹೊಟ್ಟೆ ಎತ್ತುತ್ತಿದ್ದೆ, ಎರಡೇ ಸೆಕೆಂಡಿಗೆ ಮತ್ತೆ ಕುರ್ಚಿ. ನಿಜವಾದ ತಪ್ಪು ತಲೆಯದು ಅಂತ ಗೊತ್ತಾಗಲು ಬಹಳ ದಿನ ಬೇಕಾಯಿತು. ನಮಗೆ ಭಯ, ಅದಕ್ಕೆ ಕಾಲಿನ ಬೆರಳು ಕಾಣುತ್ತಿದೆಯಾ ಅಂತ ಕತ್ತು ಎತ್ತಿ ನೋಡುತ್ತೇವೆ. ತಲೆ ಎತ್ತಿದರೆ ಸೊಂಟ ಇಳಿಯುತ್ತದೆ, ತಕ್ಕಡಿಯ ಹಾಗೆ. ಎದೆಯಲ್ಲಿ ಗಾಳಿ ಇರುವುದರಿಂದ ಅದು ತಾನಾಗೇ ತೇಲುತ್ತದೆ. ಅದನ್ನು ಎತ್ತಬೇಕಾಗಿಯೇ ಇಲ್ಲ. ಬೆನ್ನಿನ ಮೇಲ್ಭಾಗವನ್ನು ನೀರಿಗೆ ಸ್ವಲ್ಪ ಒತ್ತಿ, ಕಿವಿ ಮುಳುಗುವಷ್ಟು ತಲೆ ಹಿಂದೆ ಬಿಡಿ, ನೇರ ಮೇಲೆ ನೋಡಿ. ಸೊಂಟ ಮೇಲೆ ಬರುತ್ತದೆ.

ಚಿಕ್ಕವನಿದ್ದಾಗ ಊರಲ್ಲಿ ಹುಡುಗರೆಲ್ಲ ನಡುವಿಗೆ ಖಾಲಿ ಡಬ್ಬಿ ಕಟ್ಟಿಕೊಂಡು ಹೊಲದ ಬಾವಿಗೆ ಇಳಿಯುತ್ತಿದ್ದರು. ನಾನು ಮೆಟ್ಟಿಲ ಮೇಲೆ ಕೂತು ನೋಡುವವನು. ನಮ್ಮ ಕಾಕಾ ಮಾತ್ರ ಬಾವಿ ನಡುವೆ ಅಂಗಾತ ಬಿದ್ದು, ಕಾಲಿನ ಹೆಬ್ಬೆರಳು ಹೊರಗೆ ಬಿಟ್ಟು, ಮನೆಯ ಮಾಳಿಗೆ ಮೇಲೆ ಮಲಗಿದ ಹಾಗೆ ಇರುತ್ತಿದ್ದರು. ಹುಡುಗರಿಗೆ ಅವರು ಹೇಳುತ್ತಿದ್ದದ್ದು ಒಂದೇ ಮಾತು: "ಕಿವಿ ನೀರಾಗ ಇಡ್ರಲೇ, ಕಿವ್ಯಾಗ ನೀರು ಹೋದ್ರ ಯಾರೂ ಸಾಯಂಗಿಲ್ಲ." ಮೂವತ್ತು ವರ್ಷದ ಮೇಲೆ ಫೀಸು ಕಟ್ಟಿ ನಾನು ಕಲಿತದ್ದೂ ಅದನ್ನೇ.

ಇನ್ನು ಕಾಲು. ಇಲ್ಲಿ ಎಲ್ಲರೂ ಸೈಕಲ್ ತುಳಿಯುತ್ತಾರೆ. ಮಂಡಿ ನೀರಿನಿಂದ ಹೊರಗೆ ಬರುತ್ತಿದ್ದರೆ ನೀವೂ ತುಳಿಯುತ್ತಿದ್ದೀರಿ ಅಂತಲೇ ಲೆಕ್ಕ. ಕಿಕ್ ಹುಟ್ಟಬೇಕಾದ್ದು ತೊಡೆಯ ಬುಡದಿಂದ. ಮಂಡಿ ಸ್ವಲ್ಪ ಮಾತ್ರ ಬಗ್ಗಲಿ, ಪಾದ ಒದ್ದೆ ಬಟ್ಟೆಯ ಹಾಗೆ ಸಡಿಲವಾಗಿರಲಿ. ಮೇಲೆ ಒದೆಯುವಾಗಲೇ ಜಾಸ್ತಿ ಬಲ ಸಿಗುತ್ತದೆ. ಕಾಲು ನೀರನ್ನು ದೊಡ್ಡದಾಗಿ ಚಿಮ್ಮಿಸಬಾರದು, ಬೆರಳಿನ ಹತ್ತಿರ ನೀರು ಕುದಿಯುತ್ತಿರುವ ಹಾಗೆ ಕಂಡರೆ ಸಾಕು. ಪರೀಕ್ಷೆ ಮಾಡಲು ಕಿಕ್ ಬೋರ್ಡ್ ಅನ್ನುವ ತೇಲುವ ಹಲಗೆಯನ್ನು ಎರಡೂ ಕೈಯಿಂದ ಮಂಡಿಯ ಮೇಲೆ, ನೀರಿನ ಮಟ್ಟದಲ್ಲಿ ಹಿಡಿದುಕೊಳ್ಳಿ. ಮಂಡಿ ಬೋರ್ಡಿಗೆ ಟಪ್ ಟಪ್ ಅಂತ ಬಡಿಯುತ್ತಿದ್ದರೆ ಕಿಕ್ ತಪ್ಪು. ನನ್ನ ಬೋರ್ಡು ಮೊದಲ ದಿನ ಡೊಳ್ಳು ಬಾರಿಸಿತು.

ಮೂಗಿನ ವಿಷಯ ಸುಲಭ. ಗದ್ದ ಆಕಾಶದ ಕಡೆ ಜಾಸ್ತಿ ಎತ್ತಿದರೆ ನೀರು ಹಣೆಯ ಮೇಲಿಂದ ಹರಿದು ಸೀದಾ ಮೂಗಿಗೆ ಬರುತ್ತದೆ. ಗದ್ದ ಒಂದು ಚೂರು ಒಳಗೆ ಇರಲಿ, ಆದರೆ ತಲೆ ಎತ್ತಬೇಡಿ. ಉಸಿರು ಬಿಡುವಾಗ ಮೂಗಿನಿಂದ "ಹ್ಞೂಂ" ಅಂತ ಗುನುಗಿ. ಒಂದು ಕೈ ಮೇಲೆ ಬರುವಾಗ ಬಾಯಿಂದ ಉಸಿರು ಎಳೆದುಕೊಳ್ಳಿ, ಇನ್ನೊಂದು ಕೈ ಬರುವಾಗ ಬಿಡಿ. ಮುಖ ಮೇಲೇ ಇದೆ ಅಂತ ಉಸಿರನ್ನು ಮರೆಯುವವರೇ ಜಾಸ್ತಿ. ನಾನು ಉಸಿರು ಕಟ್ಟಿಕೊಂಡು ಅರ್ಧ ಕೊಳ ಹೋಗಿ, ಏದುಸಿರು ಬಿಡುತ್ತಾ ಲೇನ್ ಹಗ್ಗ ಹಿಡಿದು ನೇತಾಡುತ್ತಿದ್ದೆ.

ಕಿಕ್ ಒಂದರಲ್ಲೇ ಕೊಳದ ಈ ತುದಿಯಿಂದ ಆ ತುದಿಗೆ ಹೋಗಲು ಬಂದ ಮೇಲೆ ಕೈ ಸೇರಿಸಿ. ನೀರಿನಿಂದ ಹೊರಗೆ ಬರುವಾಗ ಹೆಬ್ಬೆರಳು ಮೊದಲು, ತಲೆಯ ಹಿಂದೆ ನೀರಿಗೆ ಇಳಿಯುವಾಗ ಕಿರುಬೆರಳು ಮೊದಲು. ಮೇಲೆ ಕೈ ನೆಟ್ಟಗೆ ಇರಲಿ. ನೀರೊಳಗೆ ಮೊಣಕೈ ಬಗ್ಗಿಸಿ, ನೀರನ್ನು ಕಾಲಿನ ಕಡೆಗೆ ತಳ್ಳಿ. ಕೈ ಜೊತೆ ಭುಜವೂ, ಸೊಂಟವೂ ಒಂದಿಷ್ಟು ಹೊರಳಲಿ. ಹೊರಳದಿದ್ದರೆ ಭುಜದ ಕೀಲಿಗೆ ಕಷ್ಟ. ಮೈ ಹೊರಳಿದರೂ ತಲೆ ಮಾತ್ರ ಅಲುಗಬಾರದು. ಇದಕ್ಕೆ ನಮ್ಮ ಕೋಚ್ ಹಣೆಯ ಮೇಲೆ ಅರ್ಧ ನೀರು ತುಂಬಿದ ಪ್ಲಾಸ್ಟಿಕ್ ಗ್ಲಾಸ್ ಇಟ್ಟು ಕಿಕ್ ಮಾಡಿಸುತ್ತಿದ್ದರು. ಬೀಳದೆ ಹತ್ತು ಮೀಟರ್ ಹೋದ ದಿನ ಮನೆಗೆ ಜಿಲೇಬಿ ಒಯ್ದೆ.

ಅಡ್ಡಾದಿಡ್ಡಿ ಹೋಗಲು ಕಾರಣವೂ ಹೆಚ್ಚಾಗಿ ಕೈಯೇ. ಕೈ ತಲೆಯ ನೇರಕ್ಕೆ ಅಡ್ಡ ದಾಟಿ ಬೀಳುತ್ತದೆ. ತಲೆಯನ್ನು ಗಡಿಯಾರದ 12 ಅಂದುಕೊಂಡರೆ ಕೈಗಳು 11ಕ್ಕೂ 1ಕ್ಕೂ ಬೀಳಬೇಕು. ಬೆಂಗಳೂರಿನ ಶ್ರೀಹರಿ ನಟರಾಜ್ 2021ರಲ್ಲಿ ರೋಮ್‌ನಲ್ಲಿ 100 ಮೀಟರ್ ಬ್ಯಾಕ್‌ಸ್ಟ್ರೋಕನ್ನು 53.77 ಸೆಕೆಂಡಿನಲ್ಲಿ ಮುಗಿಸಿದವರು, ಟೋಕಿಯೊ ಒಲಿಂಪಿಕ್ಸ್‌ನಲ್ಲೂ ಈಜಿದವರು. ಅವರ ವಿಡಿಯೊ ನೋಡಿ. ವೇಗ ನೋಡಬೇಡಿ, ತಲೆ ಎಷ್ಟು ಸ್ಥಿರವಾಗಿದೆ ಅಂತ ನೋಡಿ.

ನಮ್ಮ ಊರಿಗೆ ಸೇರಿದ ಒಂದೆರಡು ಮಾತು. ಮೇ ತಿಂಗಳಲ್ಲಿ 42 ಡಿಗ್ರಿ ಇಲ್ಲಿ ದೊಡ್ಡ ಸುದ್ದಿಯೇ ಅಲ್ಲ. ತೆರೆದ ಕೊಳದಲ್ಲಿ ಹತ್ತು ಗಂಟೆಗೆ ಅಂಗಾತ ಬಿದ್ದರೆ ಸೂರ್ಯ ಕಣ್ಣೊಳಗೇ ಇರುತ್ತಾನೆ, ದಂಡೆಯ ಫರ್ಸಿ ಕಲ್ಲು ಕಾಲು ಸುಡುತ್ತದೆ. ಬೆಳಿಗ್ಗೆ ಆರಕ್ಕೆ ಹೋಗಿ, ಕಪ್ಪು ಗಾಜಿನ ಗಾಗಲ್ಸ್ ಹಾಕಿ. ಶಹಾಬಾದ್ ಕಡೆಯ ಗೆಳೆಯರು ಕಲ್ಲುಗಣಿಯ ನೀರಿಗೆ ಕರೆದರೆ ಹೋಗಬೇಡಿ. ಎಷ್ಟು ಆಳ ಅಂತ ಗೊತ್ತಾಗುವುದಿಲ್ಲ, ಬ್ಯಾಕ್‌ಸ್ಟ್ರೋಕ್‌ನಲ್ಲಂತೂ ತಲೆ ಹೋಗುವ ಕಡೆ ಕಣ್ಣೇ ಇರುವುದಿಲ್ಲ.

ಕೊಳದಲ್ಲೂ ಅದೇ ಅಪಾಯ. ಸ್ಪರ್ಧೆಯ ಕೊಳಗಳಲ್ಲಿ ಗೋಡೆಗೆ 5 ಮೀಟರ್ ಮೊದಲು ತಲೆಯ ಮೇಲೆ ಬಾವುಟದ ಸಾಲು ಕಟ್ಟಿರುತ್ತಾರೆ. ಅದು ಕಂಡ ಮೇಲೆ ಎಷ್ಟು ಸಲ ಕೈ ಬೀಸಿದರೆ ಗೋಡೆ ಬರುತ್ತದೆ ಅಂತ ಈಜುಗಾರರು ಎಣಿಸಿಟ್ಟುಕೊಳ್ಳುತ್ತಾರೆ. ನಾನು ಹೋಗುವ ಕೊಳದಲ್ಲಿ ಬಾವುಟ ಇರಲಿಲ್ಲ. ಎರಡು ಸಲ ತಲೆ ಗೋಡೆಗೆ ಬಡಿದ ಮೇಲೆ ಒಂದು ಬೇವಿನ ಕೊಂಬೆ ಗುರುತು ಮಾಡಿಕೊಂಡೆ. ಕೊಂಬೆ ಕಂಡ ಮೇಲೆ ಆರು ಕೈ, ಏಳನೆಯದಕ್ಕೆ ಗೋಡೆ. 25 ಮೀಟರ್ ನಿಲ್ಲದೆ ಹೋಗಲು ನನಗೆ ಐದು ವಾರ ಹಿಡಿಯಿತು, ವಾರಕ್ಕೆ ನಾಲ್ಕು ದಿನದ ಲೆಕ್ಕದಲ್ಲಿ. ನಿಮಗೆ ಫ್ರೀಸ್ಟೈಲ್ ಬರುತ್ತದಲ್ವಾ, ಅಷ್ಟು ಬೇಕಾಗಲಿಕ್ಕಿಲ್ಲ.