ಟನೆಲ್ ತಲುಪಿದೆ, ಕಂಟೇನರ್ ಏಕೆ ಸಿಗುತ್ತಿಲ್ಲ?

ಪ್ರಶ್ನೆ: ಬ್ಯಾಡಗಿಯ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜ್ ಒಂದರಲ್ಲಿ ಕೊಠಡಿಗಳ ಉಷ್ಣಾಂಶವನ್ನು ದಾಖಲಿಸಲು ಲಿನಕ್ಸ್ ಕಂಪ್ಯೂಟರ್ ಇರಿಸಿದ್ದೇವೆ. ಅದರಲ್ಲಿ ಗ್ರಾಫಾನಾ (ದಾಖಲೆಗಳನ್ನು ಗ್ರಾಫ್‌ಗಳಾಗಿ ತೋರಿಸುವ ತಂತ್ರಾಂಶ) ಮತ್ತು ಪೋಸ್ಟ್‌ಗ್ರೆಸ್ (ಡೇಟಾಬೇಸ್) ಡಾಕರ್ ಕಂಟೇನರ್‌ಗಳಾಗಿ, ಅಂದರೆ ಒಂದೇ ಕಂಪ್ಯೂಟರಿನೊಳಗೆ ಬೇರೆ ಬೇರೆ ಪೆಟ್ಟಿಗೆಗಳಲ್ಲಿದ್ದಂತೆ, ನಡೆಯುತ್ತಿವೆ. ಹುಬ್ಬಳ್ಳಿಯಿಂದ ಎಸ್‌ಎಸ್‌ಎಚ್ (ದೂರದ ಕಂಪ್ಯೂಟರನ್ನು ಸುರಕ್ಷಿತವಾಗಿ ಪ್ರವೇಶಿಸುವ ವಿಧಾನ) ಲಾಗಿನ್ ಸರಾಗವಾಗಿ ಆಗುತ್ತದೆ. ಆದರೆ ನನ್ನ ಲ್ಯಾಪ್‌ಟಾಪಿನ 3000ನೇ ಪೋರ್ಟನ್ನು (ಸಂಪರ್ಕದ ಬಾಗಿಲು) ಅಲ್ಲಿಯ ಲೋಕಲ್‌ಹೋಸ್ಟ್ (ಕಂಪ್ಯೂಟರ್ ತನ್ನನ್ನೇ ಕರೆದುಕೊಳ್ಳುವ ಹೆಸರು) 3000ಕ್ಕೆ ಜೋಡಿಸಿ ಟನೆಲ್ (ಎಸ್‌ಎಸ್‌ಎಚ್ ಒಳಗಿನ ಸುರಕ್ಷಿತ ದಾರಿ) ತೆರೆದರೆ, ಎಸ್‌ಎಸ್‌ಎಚ್ ಕಿಟಕಿಯಲ್ಲಿ ‘ಕನೆಕ್ಷನ್ ರಿಫ್ಯೂಸ್ಡ್’ ಎಂದು ಬರುತ್ತದೆ. ಫೈರ್‌ವಾಲ್‌ನಲ್ಲಿ 3000 ತೆರೆಯಬೇಕೇ? ಮಾಲೀಕರ ಮೊಬೈಲಿನಲ್ಲಿ ಗ್ರಾಫಾನಾ ಕಾಣುವಂತೆ ಮಾಡುವುದು ಹೇಗೆ?
— ಓದುಗರೊಬ್ಬರು, ಗೋಕುಲ ರಸ್ತೆ, ಹುಬ್ಬಳ್ಳಿ

ಉತ್ತರ: ಫೈರ್‌ವಾಲ್‌ನ ತಂಟೆಗೆ ಹೋಗಬೇಡಿ. ಆ ಸಂದೇಶವು ಎಸ್‌ಎಸ್‌ಎಚ್ ಕಿಟಕಿಯಲ್ಲಿಯೇ ಬಂದಿರುವುದರಿಂದ ಟನೆಲ್ ಬ್ಯಾಡಗಿಯವರೆಗೆ ಸರಿಯಾಗಿಯೇ ತಲುಪಿದೆ, ಆದರೆ ಅಲ್ಲಿಯ 3000ನೇ ಪೋರ್ಟಿನಲ್ಲಿ ಕರೆಗೆ ಓಗೊಡುವವರು ಯಾರೂ ಇಲ್ಲ ಎಂದು ತಿಳಿಯಬೇಕು.

ಟನೆಲ್ ಆದೇಶದಲ್ಲಿ ನೀವು ಬರೆದ ಲೋಕಲ್‌ಹೋಸ್ಟ್ ನಿಮ್ಮ ಲ್ಯಾಪ್‌ಟಾಪ್ ಅಲ್ಲ, ಬ್ಯಾಡಗಿಯ ಕಂಪ್ಯೂಟರ್. ಗ್ರಾಫಾನಾ ಇರುವುದು ಅದರೊಳಗಿನ ಕಂಟೇನರಿನಲ್ಲಿ. ಕಂಟೇನರಿಗೆ ತನ್ನದೇ ಪ್ರತ್ಯೇಕ ನೆಟ್‌ವರ್ಕ್, ತನ್ನದೇ ಲೋಕಲ್‌ಹೋಸ್ಟ್ ಇರುತ್ತದೆ. ಪೋರ್ಟನ್ನು ಪಬ್ಲಿಶ್ ಮಾಡದೆ, ಅಂದರೆ ಬ್ಯಾಡಗಿಯ ಕಂಪ್ಯೂಟರಿನ ಪೋರ್ಟಿಗೆ ಜೋಡಿಸದೆ, ಕಂಟೇನರ್ ಚಾಲೂ ಮಾಡಿದ್ದರೆ ಹೊರಗಿನ ಕಂಪ್ಯೂಟರಿನ 3000ಕ್ಕೂ ಒಳಗಿನ 3000ಕ್ಕೂ ಸಂಬಂಧವೇ ಇರುವುದಿಲ್ಲ. ಡಾಕರ್ ಇನ್‌ಸ್ಪೆಕ್ಟ್ ಆದೇಶದಿಂದ ಕಂಟೇನರಿನ ಐಪಿ ವಿಳಾಸವನ್ನು, ಅಂದರೆ ಡಾಕರ್ ತಾನೇ ರಚಿಸುವ ಮೂಲ ನೆಟ್‌ವರ್ಕಾದ ಬ್ರಿಡ್ಜಿನಲ್ಲಿ ಸಾಮಾನ್ಯವಾಗಿ 172.17ರಿಂದ ಆರಂಭವಾಗುವ ವಿಳಾಸವನ್ನು ಪಡೆದು, ಲೋಕಲ್‌ಹೋಸ್ಟ್ ಬದಲಿಗೆ ಅದನ್ನೇ ಬರೆದರೆ ಟನೆಲ್ ತಕ್ಷಣ ಕೆಲಸ ಮಾಡುತ್ತದೆ. ಪರೀಕ್ಷೆಗೆ ಅಷ್ಟು ಸಾಕು; ಕಂಟೇನರನ್ನು ಹೊಸದಾಗಿ ಕಟ್ಟಿದಾಗ ವಿಳಾಸ ಬದಲಾಗಬಹುದಾದ್ದರಿಂದ ನಿತ್ಯದ ಬಳಕೆಗೆ ಅದನ್ನು ನೆಚ್ಚುವಂತಿಲ್ಲ.

ಕಾಯಂ ವ್ಯವಸ್ಥೆಗೆ ಪೋರ್ಟನ್ನು 127.0.0.1:3000:3000 ಎಂದು ಪಬ್ಲಿಶ್ ಮಾಡಿ (127.0.0.1 ಎಂದರೆ ಲೋಕಲ್‌ಹೋಸ್ಟ್‌ನ ವಿಳಾಸ). ಅನೇಕರು ಆರಂಭದ ಆ ವಿಳಾಸವನ್ನು ಬಿಟ್ಟು ಬರೀ 3000:3000 ಎಂದು ಬರೆಯುತ್ತಾರೆ. ಆಗ ಆ ಪೋರ್ಟು ಕಂಪ್ಯೂಟರಿನ ಎಲ್ಲ ವಿಳಾಸಗಳಲ್ಲಿಯೂ ತೆರೆದುಕೊಳ್ಳುತ್ತದೆ. ಲಿನಕ್ಸ್‌ನ ಫೈರ್‌ವಾಲ್ ಸಾಧನ ಯುಎಫ್‌ಡಬ್ಲ್ಯೂನಲ್ಲಿ ಮುಚ್ಚಿದ್ದೇವೆ ಎಂಬ ಧೈರ್ಯವೂ ಇಲ್ಲಿ ನಡೆಯದು, ಏಕೆಂದರೆ ಡಾಕರ್ ತನ್ನ ನಿಯಮಗಳನ್ನು ನೇರವಾಗಿ ಐಪಿಟೇಬಲ್ಸ್‌ಗೆ (ಲಿನಕ್ಸ್‌ನ ಮೂಲ ಸಂಚಾರ ನಿಯಮಗಳ ಪಟ್ಟಿ) ಬರೆಯುವುದರಿಂದ ಪಬ್ಲಿಶ್ ಆದ ಪೋರ್ಟಿಗೆ ಬರುವ ಸಂಚಾರವು ಯುಎಫ್‌ಡಬ್ಲ್ಯೂ ನಿಯಮಗಳನ್ನು ಮುಟ್ಟದೆಯೇ ಒಳಗೆ ಹೋಗುತ್ತದೆ. ಡಾಕರ್ 28ಕ್ಕಿಂತ ಹಳೆಯದಾಗಿದ್ದರೆ ಆವೃತ್ತಿಯನ್ನೂ ನವೀಕರಿಸಿ, ಹಳೆಯವುಗಳಲ್ಲಿ 127.0.0.1ಕ್ಕೆ ಕಟ್ಟಿದ ಪೋರ್ಟನ್ನು ಸಹ ಅದೇ ಸ್ಥಳೀಯ ಜಾಲದ ಬೇರೆ ಯಂತ್ರಗಳು ತಲುಪಬಹುದಿತ್ತು. ಪೋಸ್ಟ್‌ಗ್ರೆಸ್‌ನ 5432 ಅನ್ನಂತೂ ಪಬ್ಲಿಶ್ ಮಾಡುವ ಅಗತ್ಯವೇ ಇಲ್ಲ. ಎರಡೂ ಕಂಟೇನರ್‌ಗಳನ್ನು ನೀವೇ ರಚಿಸಿದ ಒಂದು ಡಾಕರ್ ನೆಟ್‌ವರ್ಕಿಗೆ ಸೇರಿಸಿದರೆ ಗ್ರಾಫಾನಾ ಅದನ್ನು ಹೆಸರಿನಿಂದಲೇ ಹುಡುಕಿಕೊಳ್ಳುತ್ತದೆ.

ಮಾಲೀಕರ ಮೊಬೈಲಿಗೆ ಈ ಟನೆಲ್ ಒಗ್ಗುವುದಿಲ್ಲ. ಅದು ತೆರೆಯುವುದು ನಿಮ್ಮ ಲ್ಯಾಪ್‌ಟಾಪಿಗೆ ಮಾತ್ರ. ವ್ಯಾಪಾರಸ್ಥರಿಗೆ ಎಸ್‌ಎಸ್‌ಎಚ್ ಕೀಲಿ ಕೊಟ್ಟು ಆದೇಶ ಕಲಿಸುವುದೂ ವ್ಯವಹಾರದ ಮಾತಲ್ಲ. 2020ರಿಂದ ಲಿನಕ್ಸ್ ಕರ್ನೆಲ್‌ನಲ್ಲಿಯೇ ಸೇರಿರುವ ವೈರ್‌ಗಾರ್ಡ್ ಎಂಬ ವಿಪಿಎನ್ (ಖಾಸಗಿ ಸುರಕ್ಷಿತ ಜಾಲ) ಅನ್ನು ಬ್ಯಾಡಗಿಯ ಕಂಪ್ಯೂಟರಿನಲ್ಲಿ ಹಾಕಿ, ಅದರ ಆ್ಯಪನ್ನು ಅವರ ಮೊಬೈಲಿನಲ್ಲಿ ಅಳವಡಿಸಿ. ರೌಟರಿನಲ್ಲಿ ಅದರ ಒಂದು ಯುಡಿಪಿ ಪೋರ್ಟನ್ನು ಆ ಕಂಪ್ಯೂಟರಿಗೆ ತಿರುಗಿಸಿದರಾಯಿತು. ಆಗ ಗ್ರಾಫಾನಾವನ್ನು 127.0.0.1ರ ಜೊತೆಗೆ ವೈರ್‌ಗಾರ್ಡ್ ವಿಳಾಸಕ್ಕೂ ಪಬ್ಲಿಶ್ ಮಾಡಬೇಕು. ಕರೆಂಟು ಹೋಗಿ ಬಂದಾಗ ವೈರ್‌ಗಾರ್ಡ್‌ಗಿಂತ ಮೊದಲು ಡಾಕರ್ ಎದ್ದರೆ ಆ ವಿಳಾಸ ಇನ್ನೂ ಹುಟ್ಟಿರುವುದಿಲ್ಲವಾದ್ದರಿಂದ ಕಂಟೇನರ್ ಚಾಲೂ ಆಗದು. ಆದ್ದರಿಂದ ಲಿನಕ್ಸ್‌ನಲ್ಲಿ ಸೇವೆಗಳನ್ನು ಆರಂಭಿಸುವ ಸಿಸ್ಟಮ್‌ಡಿಯಲ್ಲಿ ಡಾಕರ್ ಸೇವೆಯನ್ನು ವೈರ್‌ಗಾರ್ಡ್‌ನ ನಂತರ ಆರಂಭವಾಗುವಂತೆ ಹೊಂದಿಸಿ.