ನಾಲ್ಕನೇ ಸಾಲ ಮತ್ತು ಚಾವಣಿಯ ಹರಕೆ

(ಗುರುತು ಸಿಗದಂತೆ ಹೆಸರು, ಮೊತ್ತ ಬದಲಿಸಿದ್ದೇನೆ.)

ದಾನಿಯೇಲ ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕವೊಂದರಲ್ಲಿ ಕಟಿಂಗ್ ಮಾಸ್ಟರ್. ಹೆಂಡತಿ ಸುವಾರ್ತ ಮನೆಯಲ್ಲೇ ಕೂತು ಪ್ಯಾಂಟಿನ ದಾರ ಕತ್ತರಿಸಿಕೊಡುತ್ತಾಳೆ, ಪೀಸಿನ ಲೆಕ್ಕ. ಸೀಸನ್ನು, ಖಾಲಿ ವಾರ ಎರಡನ್ನೂ ಹಿಡಿದರೆ ಇಬ್ಬರದೂ ಕೂಡಿ ತಿಂಗಳಿಗೆ 20,000. ಸಾಲದಲ್ಲಿ ಸಿಕ್ಕವರಿಗೆ ಸಲಹೆ ಹೇಳುವ ನನ್ನ ಬಳಿಗೆ ಆತ ಆಕೆಯನ್ನು ಕರೆತಂದದ್ದು ಸಲಹೆ ಕೇಳಲಿಕ್ಕಲ್ಲ, ದೂರು ಹೇಳಲಿಕ್ಕೆ.

“ಸಭೆ ಚಾವಣಿಗೆ 30,000 ಹರಕೆ ಹೊತ್ತಾಳ್ರಿ. ಸಂಘದ ಸಾಲ ತಗದು 15,000 ಕೊಟ್ಲು. ಉಳಿದಿದ್ದಕ್ಕ ಇನ್ನೊಂದು ಸಾಲ ಮಾಡ್ತಾಳಂತ.”

ಸಭೆ ಅಂದರೆ ಅವರು ಹೋಗುವ ಚರ್ಚು. ಸುವಾರ್ತ ಮಾತಾಡಲಿಲ್ಲ. ಚೀಲದಿಂದ ಬೈಬಲ್ ತೆಗೆದು ಪ್ರಸಂಗಿ 5ನೇ ಅಧ್ಯಾಯಕ್ಕೆ ಬೆರಳಿಟ್ಟಳು. ಹರಕೆ ಹೊತ್ತು ತೀರಿಸದಿರುವುದಕ್ಕಿಂತ ಹೊರದಿರುವುದೇ ಮೇಲು ಎಂದಿದೆ ಅಲ್ಲಿ. “ತೀರಿಸ್ಲಿಲ್ಲಂದ್ರ ಮಕ್ಕಳಿಗೆ ತಗಲ್ತೈತಿ ಮೇಡಂ.” ಈ ಭಯವನ್ನು ಮೂಢನಂಬಿಕೆ ಎಂದು ತಳ್ಳಿಬಿಟ್ಟರೆ ಆಕೆ ಮತ್ತೆ ನನ್ನ ಬಾಗಿಲು ತುಳಿಯುವುದಿಲ್ಲ ಎಂದು ನನಗೆ ಗೊತ್ತಿತ್ತು. ನಾನೂ ಅದೇ ಪುಸ್ತಕ ಓದಿ ಬೆಳೆದವಳು.

ಮೊದಲು ಲೆಕ್ಕ ಬರೆಸಿದೆ. ಸಂಘದ್ದೂ ಸೇರಿ ಮೈಕ್ರೋ ಫೈನಾನ್ಸಿನ ಮೂರು ಕಿರುಸಾಲಗಳ ಕಂತು ವಾರಕ್ಕೆ 2,600, ಅಂದರೆ ತಿಂಗಳಿಗೆ 11,000 ದಾಟುತ್ತದೆ. 20,000 ಕೈಸಾಲಕ್ಕೆ ನೂರಕ್ಕೆ ಐದು ರೂಪಾಯಿ ಬಡ್ಡಿ, ಅದು 1,000. ದಶಮಾಂಶ, ಅಂದರೆ ಆದಾಯದ ಹತ್ತನೇ ಒಂದು ಪಾಲು ಸಭೆಗೆ ಕೊಡುವ ಕಾಣಿಕೆ, 2,000. ಮನೆ ಬಾಡಿಗೆ 2,500. ಉಳಿದದ್ದರಲ್ಲಿ ನಾಲ್ವರ ಊಟ, ಸ್ಕೂಲು, ಆಸ್ಪತ್ರೆ. ಸಿರುಗುಪ್ಪ ಕಡೆಯ ಊರಲ್ಲಿರುವ ತಾಯಿಗೆ ಕಳಿಸುತ್ತಿದ್ದ 1,000 ನಿಂತು ಎಂಟು ತಿಂಗಳಾಗಿತ್ತು. ಅದನ್ನು ಹೇಳುವಾಗ ಮಾತ್ರ ದಾನಿಯೇಲನ ದನಿ ಇಳಿಯಿತು.

ಕಿರುಸಾಲ ಪಡೆಯುವ ಕುಟುಂಬದ ಎಲ್ಲ ಸಾಲಗಳ ಕಂತು ಸೇರಿ ಅದರ ಆದಾಯದ ಅರ್ಧ ಮೀರಬಾರದು ಎಂಬುದು ಆರ್‌ಬಿಐ 2022ರಲ್ಲಿ ತಂದ ನಿಯಮ. ಇವರದು ಆಗಲೇ ಮೀರಿತ್ತು. ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ಮೇಲೆ ವಸೂಲಿಗೆ ಬರುವಂತಿಲ್ಲ ಎಂದೂ ಹೇಳಿದೆ. ರಾತ್ರಿ ಎಂಟಕ್ಕೆ ಬಂದು ಕೂರುವವರಿಗೆ ಇಷ್ಟು ದಿನ ಚಹಾ ಮಾಡಿ ಕೊಡುತ್ತಿದ್ದಳು ಸುವಾರ್ತ!

ಆಮೇಲೆ ಹರಕೆಯ ಮಾತು. ಬೈಬಲಿನ ಯಾಜಕಕಾಂಡ 27ರ 8ನೇ ವಚನ ಆಕೆಯಿಂದಲೇ ಓದಿಸಿದೆ. ಹರಕೆ ಹೊತ್ತವನು ಬಡವನಾಗಿ ಅಷ್ಟು ಕೊಡಲಾರದೆ ಹೋದರೆ ಯಾಜಕನ, ಅಂದರೆ ಪುರೋಹಿತನ, ಮುಂದೆ ಬರಬೇಕು, ಯಾಜಕನು ಅವನ ಶಕ್ತಿ ನೋಡಿ ಮೊತ್ತ ಗೊತ್ತುಮಾಡಬೇಕು. ಎರಡು ಸಲ ಓದಿದಳು. “ಇದನ್ನ ಯಾರೂ ಹೇಳ್ಲಿಲ್ಲ ನೋಡ್ರಿ” ಅಂದಳು. ಮುಂದಿನ ಭಾನುವಾರ ಇಬ್ಬರೂ ಸಭೆಯ ಪಾದ್ರಿ ಅಯ್ಯನೋರ ಮನೆಗೆ ಹೋಗಿ ಇದ್ದದ್ದು ಇದ್ದಂತೆ ಹೇಳಿ ಎಂದೆ. ಹೋದರು. ಕೊಟ್ಟ ಹಣ ಸಾಲ ಮಾಡಿ ತಂದದ್ದೆಂದು ಅವರಿಗೆ ಗೊತ್ತೇ ಇರಲಿಲ್ಲವಂತೆ. ಬಾಕಿ ಬೇಡ ಅಂದರಂತೆ.

ಎರಡನೇ ಭೇಟಿಯಲ್ಲಿ 2ನೇ ಅರಸುಗಳು 4ನೇ ಅಧ್ಯಾಯದ ವಿಧವೆಯನ್ನು ನೆನಪಿಸಿದೆ. ಸಾಲ ಕೊಟ್ಟವನು ಮಕ್ಕಳನ್ನು ಒಯ್ಯಲು ಬಂದಾಗ ಪ್ರವಾದಿ ಎಲೀಷ ಕೇಳಿದ್ದು, ಮನೆಯಲ್ಲಿ ಏನಿದೆ ಎಂದು. ಇದ್ದ ಚೂರು ಎಣ್ಣೆ ಪವಾಡದಿಂದ ಪಾತ್ರೆಗಳಲ್ಲೆಲ್ಲ ತುಂಬಿದ ಮೇಲೆ ಹೇಳಿದ್ದು: ಮಾರು, ಸಾಲ ತೀರಿಸು, ಉಳಿದದ್ದರಲ್ಲಿ ನೀನೂ ಮಕ್ಕಳೂ ಬದುಕಿರಿ. ತನಗೊಂದು ಪಾಲು ಕೊಡು ಅನ್ನಲಿಲ್ಲ ಆ ಪ್ರವಾದಿ. “ನಿಮ್ಮನ್ಯಾಗ ಏನೈತಿ?” ಎಂದು ನಾನೂ ಕೇಳಿದೆ. ಇಬ್ಬರೂ ಮುಖ ಮುಖ ನೋಡಿಕೊಂಡರು. ಮಂಚದ ಕೆಳಗೆ ಬಟ್ಟೆಯ ಅಂಚು ಹೊಲಿಯುವ ಒಂದು ಹಳೆಯ ಓವರ್‌ಲಾಕ್ ಮಷೀನು. 14,000ಕ್ಕೆ ಹೋಯಿತು, ಅಷ್ಟೂ ಐದು ರೂಪಾಯಿ ಬಡ್ಡಿಯ ಸಾಲಕ್ಕೆ. ಬಡ್ಡಿ 1,000 ಇದ್ದದ್ದು 300ಕ್ಕೆ ಇಳಿಯಿತು.

ದಶಮಾಂಶ ಪೂರ್ತಿ ನಿಲ್ಲಿಸಬೇಕೆಂದು ದಾನಿಯೇಲನ ಹಟ. ಅದಕ್ಕೆ ನಾನು ಒಪ್ಪಲಿಲ್ಲ, ಆಕೆಯ ಪಾಲಿಗೆ ಅದು ಬರೀ ದುಡ್ಡಲ್ಲ. ಸಾಲದ ಹಣದಿಂದ ಮಾತ್ರ ಕಾಣಿಕೆ ಬೇಡ ಎಂದೆ. ತಾಯಿಯ 1,000 ಮೊದಲು. ದೇವರಿಗೆ ಕೊಟ್ಟೆವೆಂದು ನೆಪ ಹೇಳಿ ತಂದೆತಾಯಿಗೆ ಕೊಡದವರನ್ನು ಯೇಸು ಗದರಿದ್ದು ಮಾರ್ಕ 7ರಲ್ಲೇ ಇದೆ. ಫೈನಾನ್ಸಿನ ಕಂತು ಮುಗಿಯುವ ತನಕ, ತನ್ನ ಅವ್ವ ಮಾಡುತ್ತಿದ್ದಂತೆ, ಅನ್ನಕ್ಕಿಡುವಾಗ ಒಂದು ಹಿಡಿ ಅಕ್ಕಿ ತೆಗೆದಿಟ್ಟು ಸಭೆಗೆ ಒಯ್ಯುತ್ತೇನೆಂದು ಸುವಾರ್ತಳೇ ಸೂಚಿಸಿದಳು.

ನೋಟುಬುಕ್ಕಿನಲ್ಲಿ ಖರ್ಚು ಬರೆಯುವುದು ಐದನೇ ವಾರಕ್ಕೆ ತಪ್ಪಿದೆ. ಕ್ರಿಸ್‌ಮಸ್ಸಿಗೆ ಹೊಸ ಬಟ್ಟೆ ಬೇಕೋ ಬೇಡವೋ ಎಂಬ ಜಗಳ ಶುರುವಾಗಿದೆಯಂತೆ. ನವೆಂಬರಿನಲ್ಲಿ ಬರುತ್ತಾರೆ.