ಪ್ಲೇಬಾಯ್ ಪತ್ರಿಕೆಯ ಮೊದಲ ಸಂಚಿಕೆ ಮೇಲೆ ತಿಂಗಳು, ವರ್ಷ ಯಾಕೆ ಇರಲಿಲ್ಲ?

ಎರಡನೇ ಸಂಚಿಕೆ ಬರುತ್ತದೆ ಅನ್ನೋ ನಂಬಿಕೆ ಗಂಡಸರ ಈ ಅಮೆರಿಕನ್ ಪತ್ರಿಕೆಯನ್ನು ಶುರುಮಾಡಿದ ಹ್ಯೂ ಹೆಫ್ನರ್‌ಗೇ ಇರಲಿಲ್ಲ, ಅದಕ್ಕೆ. 1953ರ ಕೊನೆಯಲ್ಲಿ ಬಂದ ಆ ಸಂಚಿಕೆಯನ್ನು ಆತ ಸಾಲಸೋಲ ಮಾಡಿ, ಶಿಕಾಗೋದ ತನ್ನ ಮನೆಯ ಅಡುಗೆಮನೆ ಮೇಜಿನ ಮೇಲೆ ಸಿದ್ಧಪಡಿಸಿದ್ದ.

ಇದರಲ್ಲಿ ವ್ಯಾಪಾರದ ಲೆಕ್ಕವೂ ಇದೆ. ಮಾರಾಟವಾಗದ ಪತ್ರಿಕೆಗಳನ್ನು ಅಂಗಡಿಯವರು ವಾಪಸ್ ಕಳಿಸುತ್ತಾರೆ, ನಷ್ಟ ಪ್ರಕಾಶಕನ ತಲೆಗೆ. ಮುಖಪುಟದಲ್ಲಿ ತಿಂಗಳು ಅಚ್ಚಾಗಿದ್ದರೆ, ಮುಂದಿನ ತಿಂಗಳು ಬಂದ ಕೂಡಲೇ ಅದು ಹಳೇ ಮಾಲು. ತಿಂಗಳೇ ಇಲ್ಲದಿದ್ದರೆ ಖಾಲಿಯಾಗುವವರೆಗೂ ಅಂಗಡಿಯಲ್ಲೇ ಇರಬಹುದು, ಅಲ್ವಾ?

ಆ ಭಯ ಬೇಕಿರಲಿಲ್ಲ. 50 ಸೆಂಟ್ ಬೆಲೆಯ ಪತ್ರಿಕೆ 50,000ಕ್ಕೂ ಜಾಸ್ತಿ ಪ್ರತಿ ಖರ್ಚಾಯಿತು. ಜನ ಹೆಫ್ನರ್ ಧೈರ್ಯವನ್ನು ಹೊಗಳುತ್ತಾರೆ, ಆದರೆ ಮಾರಾಟವಾಗಿದ್ದು ಹಾಲಿವುಡ್ ನಟಿ ಮರ್ಲಿನ್ ಮನ್ರೋ ಹೆಸರಿನಿಂದ. ಒಳಗಿದ್ದ ಆಕೆಯ ನಗ್ನಚಿತ್ರ ಹೊಸದೇನಲ್ಲ. ಇನ್ನೂ ಹೆಸರು ಮಾಡದ ಕಾಲದಲ್ಲಿ, 1949ರಲ್ಲಿ, ಕೈಯಲ್ಲಿ ಕಾಸಿಲ್ಲದೆ 50 ಡಾಲರಿಗೆ ತೆಗೆಸಿಕೊಂಡ ಚಿತ್ರ ಅದು. ಅದನ್ನು ಅಚ್ಚು ಹಾಕುವ ಹಕ್ಕನ್ನು ಹೆಫ್ನರ್ ಒಂದು ಕ್ಯಾಲೆಂಡರ್ ಕಂಪನಿಯಿಂದ 500 ಡಾಲರಿಗೆ ಕೊಂಡ. ಪತ್ರಿಕೆಯಿಂದ ಆಕೆಗೆ ಒಂದು ಪೈಸೆಯೂ ಬರಲಿಲ್ಲ.